ಕಣ್ಣಿನ ಕ್ಲಿನಿಕ್‌ನಲ್ಲಿ ಮೂರು ಗಂಟೆ ಕಾಯೋ ಪರಿಸ್ಥಿತಿ: ಎಲ್ಲಿ ಸಿಕ್ಕಿಕೊಳ್ತಿದೆ, ಹೇಗೆ ಬಿಡಿಸೋದು?

ಮೈಸೂರು_ಓಪಿಡಿ

ಮೈಸೂರಲ್ಲಿರೋ ಕಣ್ಣಿನ ಕ್ಲಿನಿಕ್ ಒಂದರ ಲೆಕ್ಕ ಕೊಡ್ತೀನಿ, ತಿಳಿದವರು ದಯವಿಟ್ಟು ಹೇಳಿ. ಒಬ್ಬರು ಡಾಕ್ಟರು, ಇಬ್ಬರು ಆಪ್ಟೊಮೆಟ್ರಿಸ್ಟ್ (ಕನ್ನಡಕದ ನಂಬರ್ ನೋಡೋರು), ಇಬ್ಬರು ಸಿಸ್ಟರ್, ಕೌಂಟರ್‌ನಲ್ಲಿ ಒಬ್ಬರು. ದಿನಕ್ಕೆ ಸುಮಾರು 80 ಜನ. ಅವರಲ್ಲಿ 45 ಜನಕ್ಕೆ ಪಾಪೆ ಅಗಲ ಆಗೋ ಡ್ರಾಪ್ಸ್ ಹಾಕಬೇಕಾಗುತ್ತೆ. ನಂಜನಗೂಡು, ತಿ. ನರಸೀಪುರ, ಹುಣಸೂರು, ಪಾಂಡವಪುರ ಕಡೆಯವರು ಮೊದಲ ಬಸ್ಸಿಗೇ ಬಂದು 8.30ಕ್ಕೆ ಟೋಕನ್ ತಗೊಂಡು ಕೂತಿರ್ತಾರೆ. ಡಾಕ್ಟರು ಕೂರೋದು 9.30ಕ್ಕೆ.

ಈಗಿನ ದಾರಿ ಹೀಗಿದೆ. ಟೋಕನ್, ಆಮೇಲೆ ಎಲ್ಲರಿಗೂ ಪೂರ್ತಿ ರಿಫ್ರ್ಯಾಕ್ಷನ್ (ಕನ್ನಡಕದ ನಂಬರ್ ಪರೀಕ್ಷೆ), ಆಮೇಲೆ ಡಾಕ್ಟರು. ಡಾಕ್ಟರು ನೋಡಿ "ಡ್ರಾಪ್ಸ್ ಹಾಕಿ" ಅಂತ ಬರೀತಾರೆ, ಆಚೆ ಬಂದು ಡ್ರಾಪ್ಸ್ ಹಾಕಿಸ್ಕೊಂಡು ಕಾದು ಮತ್ತೆ ಡಾಕ್ಟರ ಹತ್ರ. ಒಂದೂವರೆಗೆ ಮುಗೀಬೇಕಾದ್ದು ನಾಲ್ಕು ಗಂಟೆಗೆ ಬಂದು ನಿಲ್ಲುತ್ತೆ. ಇನ್ನೊಬ್ಬ ಡಾಕ್ಟರನ್ನ ತಗೊಳ್ಳಿ ಅಂತಾರೆ ಕೆಲವರು, ಮೊಬೈಲ್ ಆಪ್ ಮಾಡಿಸಿ ಅಂತಾರೆ ಇನ್ನು ಕೆಲವರು. ಅದಕ್ಕೂ ಮೊದಲು ಇರೋ ಜನ, ಇರೋ ರೂಮುಗಳಲ್ಲೇ ಏನು ಮಾಡಬಹುದು?

ಲೆಕ್ಕದ_ಮೇಷ್ಟ್ರು

ಆಪ್ ಆಮೇಲಿರಲಿ ಸರ್. ಮೊದಲು ನಿಮ್ಮದೇ ಅಂಕಿಗಳನ್ನ ಗುಣಿಸಿ ನೋಡೋಣ.

ಡಾಕ್ಟರ ಮೇಜಿಂದ ಶುರು ಮಾಡ್ತೀನಿ. ಮೊದಲ ಸಲ ನೋಡೋಕೆ ತಲಾ ಎರಡೂವರೆ ನಿಮಿಷ ಅಂತಿಟ್ಕೊಳ್ಳಿ: 80 ಜನಕ್ಕೆ 200 ನಿಮಿಷ. ಡ್ರಾಪ್ಸ್ ಹಾಕಿದ 45 ಜನ ಮತ್ತೆ ಬರ್ತಾರಲ್ಲ, ಅವರಿಗೆ ತಲಾ 4 ನಿಮಿಷ: 180. ಒಟ್ಟು 380 ನಿಮಿಷ. 9.30ಕ್ಕೆ ಕೂತರೆ ಒಂದು ನಿಮಿಷ ಏಳದೇ ಇದ್ದರೂ 3.50 ಆಗುತ್ತೆ. ನೀವು ನಾಲ್ಕು ಗಂಟೆ ಅಂದ್ರಿ, ಸರಿಹೋಯ್ತು. ಇಲ್ಲಿ ಯಾರ ಸೋಮಾರಿತನವೂ ಇಲ್ಲ, ದಾರಿಯೇ ಆ ಥರ ಇದೆ.

ಅದೇ 45 ಜನ ಡಾಕ್ಟರ ಹತ್ರ ಬರೋ ಮೊದಲೇ ಡ್ರಾಪ್ಸ್ ಹಾಕಿಸ್ಕೊಂಡು ಬಂದರೆ ಒಂದೇ ಭೇಟಿ ಸಾಕು. ಆ ಭೇಟಿಗೆ ನಾಲ್ಕೂವರೆ ನಿಮಿಷ ಕೊಡಿ, ಉಳಿದ 35 ಜನಕ್ಕೆ 3 ನಿಮಿಷ. ಒಟ್ಟು ಸುಮಾರು 308. ಎಪ್ಪತ್ತಕ್ಕೂ ಹೆಚ್ಚು ನಿಮಿಷ ಉಳೀತು. ಇನ್ನು ಚೀಟಿ ಬರೆಯೋದು, ಯಾವ ಡ್ರಾಪ್ಸ್ ಎಷ್ಟು ಸಲ ಅಂತ ವಿವರಿಸೋದನ್ನ ಪಕ್ಕದ ಮೇಜಿನಲ್ಲಿ ಸಿಸ್ಟರ್ ಮಾಡಿದರೆ ಒಬ್ಬರಿಗೆ ಒಂದು ನಿಮಿಷ ತಪ್ಪುತ್ತೆ, 80 ನಿಮಿಷ. ಈಗ 228ಕ್ಕೆ ಇಳೀತು. 9.30ರಿಂದ ಒಂದೂವರೆವರೆಗಿನ ನಿಮ್ಮ 240 ನಿಮಿಷದೊಳಗೆ ಬಂತು.

ಆದರೆ ಡಾಕ್ಟರೊಬ್ಬರನ್ನೇ ನೋಡಿದರೆ ಮೋಸ ಹೋಗ್ತೀರ. ರಿಫ್ರ್ಯಾಕ್ಷನ್ ಲೆಕ್ಕ ಹಾಕಿ: ಒಬ್ಬರಿಗೆ 12 ನಿಮಿಷ, 80 ಜನ, ಇಬ್ಬರು ಮಾಡೋರು. ತಲಾ 480 ನಿಮಿಷ, ಅಂದ್ರೆ ಎಂಟು ಗಂಟೆ! ಡಾಕ್ಟರು ಎಷ್ಟೇ ಬೇಗ ನೋಡಿದರೂ ಅವರ ಬಾಗಿಲಿಗೆ ಗಂಟೆಗೆ ಹತ್ತೇ ಜನ ಬರ್ತಾರೆ. ಪೂರ್ತಿ ರಿಫ್ರ್ಯಾಕ್ಷನ್ ನಿಜಕ್ಕೂ ಬೇಕಿರೋರು 40 ಜನ ಆದರೆ ನಾಲ್ಕು ಗಂಟೆಗೆ ಮುಗೀತದೆ. ಇದನ್ನ ಬಿಡಿಸದೆ ಇನ್ನೊಬ್ಬ ಡಾಕ್ಟರನ್ನ ತಂದರೆ ಇಬ್ಬರು ಡಾಕ್ಟರು ಖಾಲಿ ಕೂತು, ಹಾಲ್ ತುಂಬಾ ಜನ ಕಾಯ್ತಾರೆ.

ಇನ್ನೊಂದು ಸರಳ ಲೆಕ್ಕ ಇದೆ. ಗಂಟೆಗೆ ಎಷ್ಟು ಜನ ಬರ್ತಾರೆ ಅನ್ನೋದನ್ನ ಒಬ್ಬರು ಎಷ್ಟು ಗಂಟೆ ಇರ್ತಾರೆ ಅನ್ನೋದರಿಂದ ಗುಣಿಸಿ, ಒಳಗಿರೋ ಜನ ಸಿಗುತ್ತೆ. ಗಂಟೆಗೆ 16, ತಲಾ 3 ಗಂಟೆ, 48 ಜನ. ಜೊತೆಗೊಬ್ಬರು ಅಂದ್ರೆ 96. ಕುರ್ಚಿ ಸಾಲ್ತಿಲ್ಲ ಅಂತ ಕುರ್ಚಿ ತರಬೇಡಿ, ಇರೋ ಹೊತ್ತನ್ನ ಒಂದೂವರೆ ಗಂಟೆಗೆ ಇಳಿಸಿ, ಜನ ಅರ್ಧ ಆಗ್ತಾರೆ.

ರಿಫ್ರ್ಯಾಕ್ಷನ್_ಮಂಡ್ಯ

ಮೇಷ್ಟ್ರು ಹೇಳಿದ ಆ ನಲವತ್ತು ಜನರನ್ನ ಆರಿಸೋದು ಹೇಗೆ ಅಂತ ನಾನು ಹೇಳ್ತೀನಿ. ಅದಕ್ಕೆ ಬೇಕಿರೋದು ಒಂದು ವಿಷನ್ ಮೇಜು, ಅಷ್ಟೆ. ಕೌಂಟರ್ ದಾಟಿದ ತಕ್ಷಣ, ರಿಫ್ರ್ಯಾಕ್ಷನ್ ರೂಮಿನ ಹೊರಗೇ ಇರಲಿ. ಆರು ಮೀಟರ್ ಉದ್ದದ ಜಾಗ ಇಲ್ಲದಿದ್ದರೆ ಮೂರು ಮೀಟರ್‌ನಲ್ಲಿ ಕನ್ನಡಿ ಇಟ್ಟು ತಿರುಗುಮುರುಗು ಚಾರ್ಟ್ ಹಾಕಿ. ಕನ್ನಡ ಅಕ್ಷರದ್ದೊಂದು, ಓದು ಬರದವರಿಗೆ ಇಂಗ್ಲಿಷ್ 'ಇ' ಅಕ್ಷರವನ್ನ ನಾಲ್ಕು ದಿಕ್ಕಿಗೆ ತಿರುಗಿಸಿರೋ ಚಾರ್ಟ್ ಒಂದು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು, ಇರೋ ಕನ್ನಡಕ ಹಾಕ್ಕೊಂಡೇ. ಕಮ್ಮಿ ಕಂಡರೆ ಪಿನ್‌ಹೋಲ್ (ಸಣ್ಣ ತೂತಿರೋ ತಟ್ಟೆ) ಇಟ್ಟು ನೋಡಿ.

ಪಿನ್‌ಹೋಲ್‌ನಲ್ಲಿ ಇನ್ನೂ ಕೆಳಗಿನ ಸಾಲು ಓದಿದರು ಅಂದ್ರೆ ನಂಬರ್ ಸಮಸ್ಯೆ ಇದೆ, ರಿಫ್ರ್ಯಾಕ್ಷನ್‌ಗೆ ಕಳಿಸಿ. ಪಿನ್‌ಹೋಲ್‌ನಲ್ಲೂ ಸುಧಾರಿಸದಿದ್ದರೆ ಹಿಂದೆ ಪೊರೆ, ನರ, ಅಕ್ಷಿಪಟಲದ ತೊಂದರೆ ಇರಬಹುದು. ಅಂಥವರನ್ನ ನಂಬರ್ ತಾನೇ ಅಳೆಯೋ ಆಟೊರಿಫ್ರ್ಯಾಕ್ಟೊಮೀಟರ್‌ನಲ್ಲಿ ಎರಡು ನಿಮಿಷ ಕೂರಿಸಿ, ಡ್ರಾಪ್ಸ್ ಸಾಲಿಗೆ ಹಾಕಿ. ಪೊರೆ ಆಪರೇಶನ್ ಆದ ಮರುದಿನ ಬಂದವರು, ಕೆಂಗಣ್ಣು, ಕಣ್ಣಲ್ಲಿ ಕಸ ಬಿದ್ದವರು, ಬರೀ ಒತ್ತಡ ನೋಡಿಸಿಕೊಳ್ಳೋಕೆ ಬಂದ ಗ್ಲಾಕೋಮಾದವರು, ಇವರಿಗೆ ಆವತ್ತು ಪೂರ್ತಿ ರಿಫ್ರ್ಯಾಕ್ಷನ್ ಬೇಡ. ವಿಷನ್ ಬರೆದು ಮುಂದೆ ಕಳಿಸಿ.

ಕ್ರಮ ತಪ್ಪಬಾರದು, ಯಾಕಂದ್ರೆ ಕ್ರಮ ತಪ್ಪಿದರೆ ಇನ್ನೊಂದು ದಿನ ಬರಬೇಕಾಗುತ್ತೆ, ಅದಕ್ಕಿಂತ ದೊಡ್ಡ ಕಾಯುವಿಕೆ ಯಾವುದಿದೆ? ಡ್ರಾಪ್ಸ್‌ಗೆ ಮೊದಲೇ ಆಗಬೇಕಾದ್ದು: ಓದೋ ಕನ್ನಡಕದ ನಂಬರ್, ಟಾರ್ಚ್‌ನಲ್ಲಿ ಎರಡೂ ಪಾಪೆಗಳ ಪರೀಕ್ಷೆ, ಕಣ್ಣಿನ ಒತ್ತಡ, ಫೀಲ್ಡ್ ಟೆಸ್ಟ್ (ಸುತ್ತ ಎಷ್ಟು ಕಾಣುತ್ತೆ ಅನ್ನೋ ಪರೀಕ್ಷೆ). ಪಾಪೆ ಅಗಲ ಆದ ಮೇಲೆ ಆ ಪಾಪೆ ಬೆಳಕಿಗೆ ಹೇಗೆ ಕುಗ್ಗುತ್ತೆ ಅಂತ ನೋಡೋಕೇ ಆಗಲ್ಲ. ಒಣಗಣ್ಣಿಗೆ ಕಣ್ಣೀರು ಅಳೆಯೋ ಶಿರ್ಮರ್ ಪಟ್ಟಿ ಇಡೋದಿದ್ದರೆ ಅದು ಯಾವ ಡ್ರಾಪ್ಸಿಗಿಂತಲೂ ಮುಂಚೆ. ಪೊರೆಯವರಿಗೆ ಲೆನ್ಸ್ ಅಳತೆ ಅದೇ ದಿನ ತಗೊಳ್ಳೋದಿದ್ದರೆ ಕೆರಟೊಮೆಟ್ರಿಯನ್ನ, ಅಂದ್ರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಬಾಗು ಅಳೆಯೋದನ್ನ, ಅದನ್ನ ಮುಟ್ಟೋ ಮೊದಲೇ ಮುಗಿಸಿ. ಕಾರ್ನಿಯಾ ಮುಟ್ಟಿ ಒತ್ತಡ ನೋಡೋ ಅಪ್ಲನೇಶನ್ ಆದ ಮೇಲೆ ಮೇಲ್ಪದರ ಕದಡಿರುತ್ತೆ, ಅಳತೆ ತಪ್ಪಬಹುದು.

ಈ ಕ್ರಮವನ್ನ ಫೈಲಿನ ಮುಖಪುಟದಲ್ಲೇ ಅಚ್ಚು ಹಾಕಿಸಿ, ಪಕ್ಕದಲ್ಲಿ ಟಿಕ್ ಹಾಕೋ ಚೌಕ. ಟಿಕ್ ಬೀಳದೆ ಡ್ರಾಪ್ಸ್ ಬೆಂಚಿಗೆ ಫೈಲ್ ಹೋಗಬಾರದು.

ಡ್ರಾಪ್ಸ್_ಬೆಂಚ್

ಕಾಯೋ ಹೊತ್ತಿನ ಅರ್ಧ ಭಾಗ ನಮ್ಮ ಬೆಂಚಿನ ಮೇಲೇ ಕಳೆಯೋದು, ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ.

ಟ್ರೋಪಿಕಮೈಡ್ 0.8%, ಫಿನೈಲೆಫ್ರಿನ್ 5% ಕೂಡಿರೋ ಡ್ರಾಪ್ಸ್ ನಮ್ಮಲ್ಲಿ ಎಲ್ಲ ಕಡೆ ಬಳಕೆಯಲ್ಲಿದೆ. ಒಂದು ಹನಿ ಹಾಕಿ, ಹತ್ತು ಹದಿನೈದು ನಿಮಿಷಕ್ಕೆ ಇನ್ನೊಂದು. ಸಾಮಾನ್ಯವಾಗಿ 30 ರಿಂದ 40 ನಿಮಿಷಕ್ಕೆ ಪಾಪೆ ಸಾಕಷ್ಟು ಅಗಲ ಆಗುತ್ತೆ. ನಮ್ಮ ಜನರ ಕಪ್ಪು ಕಂದು ಕಣ್ಣಿಗೆ ಹೊತ್ತು ಹಿಡಿಯುತ್ತೆ, ಬಹಳ ವರ್ಷದ ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು.

ಆದರೆ ಒಂದು ಗಂಟೆ ಆದರೂ ಅಗಲ ಆಗ್ತಿಲ್ಲ ಅಂತ ಬರೋ ದೂರಲ್ಲಿ ಬಹುಪಾಲು ಹನಿ ಕಣ್ಣೊಳಗೇ ಹೋಗಿರಲ್ಲ. ಬೆಂಚಿನ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಅಜ್ಜಿ ತಲೆ ನೆಟ್ಟಗೆ ಇಟ್ಕೊಂಡೇ ಕೂತಿರ್ತಾರೆ, ಹನಿ ರೆಪ್ಪೆ ಮೇಲೆ ಬೀಳುತ್ತೆ, ಉರಿ ಅಂತ ಕಣ್ಣು ಬಿಗಿಯಾಗಿ ಮುಚ್ಚಿ, ಸೆರಗಿನ ತುದಿಯಲ್ಲಿ ಒರೆಸಿಬಿಡ್ತಾರೆ. ಔಷಧಿ ಪೂರ್ತಿ ಸೆರಗಿಗೆ ಹೋಯ್ತು. ಸಿಸ್ಟರ್ ಫೈಲಿನಲ್ಲಿ ಮಾತ್ರ "10.05 ಹಾಕಿದೆ" ಅಂತ ಇರುತ್ತೆ.

ಸರಿಯಾದ ರೀತಿ: ತಲೆ ಹಿಂದಕ್ಕೆ ಗೋಡೆಗೆ ಒರಗಿಸಿ. "ಅಮ್ಮಾ, ಮೇಲೆ ಫ್ಯಾನ್ ನೋಡಿ" ಅನ್ನಿ. ಕೆಳರೆಪ್ಪೆಯನ್ನ ಬೆರಳಲ್ಲಿ ಕೆಳಕ್ಕೆ ಎಳೆದು ಆ ಜೇಬಿನೊಳಗೆ ಒಂದೇ ಹನಿ. ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು. ಕಣ್ಣು ಮೆತ್ತಗೆ ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನ ಎರಡು ನಿಮಿಷ ಒತ್ತಿ ಹಿಡ್ಕೊಳ್ಳೋಕೆ ಹೇಳಿ. ಹೀಗೆ ಒತ್ತಿದರೆ ಔಷಧಿ ಗಂಟಲಿಗೆ ಇಳಿಯಲ್ಲ, ಮೈಗೂ ಕಮ್ಮಿ ಸೇರುತ್ತೆ. ಕೈಗೊಂದು ಹತ್ತಿ ಕೊಡಿ, ಕೆನ್ನೆ ಒರೆಸ್ಕೊಳ್ಳಿ, ಕಣ್ಣು ಒರೆಸಬೇಡಿ ಅಂತ ಹೇಳಿ. ಎರಡು ಹನಿ ಒಟ್ಟಿಗೆ ಹಾಕೋದು ವ್ಯರ್ಥ, ಕಣ್ಣು ಹಿಡಿಯೋದು ಒಂದು ಹನಿಗಿಂತಲೂ ಕಮ್ಮಿ, ಮಿಕ್ಕಿದ್ದು ಕೆನ್ನೆಗೆ. ಬೇರೆ ಬೇರೆ ಡ್ರಾಪ್ಸ್ ಇದ್ದರೆ ನಡುವೆ ಕನಿಷ್ಠ ಐದು ನಿಮಿಷ ಬಿಡಿ. ಮೊದಲು ಮರಗಟ್ಟಿಸೋ ಪ್ರೊಪರಕೇನ್ 0.5% ಒಂದು ಹನಿ ಹಾಕಿದರೆ ಉರಿ ಇರಲ್ಲ, ಮುಂದಿನ ಹನಿ ಒಳಗೂ ಚೆನ್ನಾಗಿ ಇಳಿಯುತ್ತೆ. ಒತ್ತಡ ನೋಡೋಕೆ ಮರಗಟ್ಟಿಸಿದ್ದರೆ ಆ ಕೆಲಸ ಆಗಲೇ ಆಗಿರುತ್ತೆ.

ಫೈಲಿಗೊಂದು ಬಟ್ಟೆ ಕ್ಲಿಪ್ ಹಾಕಿ, ಮೊದಲ ಹನಿ ಹೊತ್ತು, ನೋಡಬೇಕಾದ ಹೊತ್ತು, ಎರಡೇ ಬರೀರಿ. "10.05 / 10.35". 10.35ಕ್ಕೆ ಟಾರ್ಚ್ ಬಿಡಿ. ಪಾಪೆ 6 ಮಿ.ಮೀ. ಹತ್ತಿರ ಇದ್ದು ಬೆಳಕಿಗೆ ಕುಗ್ಗದಿದ್ದರೆ ಸಿದ್ಧ. ಕುಗ್ಗಿದರೆ ಇನ್ನೊಂದು ಹನಿ. ಡಾಕ್ಟರ ರೂಮೊಳಗೆ ಹೋಗಿ "ಇನ್ನೂ ಆಗಿಲ್ಲ, ಆಚೆ ಕೂತಿರಿ" ಅಂತ ವಾಪಸ್ ಬರೋದು ಒಂದು ದಿನಕ್ಕೆ ಹತ್ತು ಸಲ ಆದರೂ ಅಷ್ಟು ನಿಮಿಷ ಹಾಳು, ಆ ಅಮ್ಮನ ತಾಳ್ಮೆಯೂ ಹಾಳು.

ಸಹಿ, ಹೆಬ್ಬೆಟ್ಟು, ದುಡ್ಡಿನ ಲೆಕ್ಕ ಎಲ್ಲ ಹನಿಗೆ ಮೊದಲು ಮುಗಿಸಿ. ಹನಿ ಬಿದ್ದ ಮೇಲೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಸುಕು, ಅವರು ಕಾಗದ ಓದಿ ಸಹಿ ಹಾಕೋಕೆ ಆಗಲ್ಲ. ಓದದೆ ಹಾಕಿಸಿದ ಸಹಿಗೆ ಬೆಲೆ ಏನು? ಗಾಡಿ ಓಡಿಸ್ಕೊಂಡು ಒಬ್ಬರೇ ಬಂದಿದ್ದಾರಾ ಅಂತಲೂ ಆಗಲೇ ಕೇಳಿ.

ರೆಟಿನಾ_ಮೈಸೂರು

ಮೇಲಿನ ಇಬ್ಬರ ಮಾತನ್ನೂ ಒಪ್ತೀನಿ, ಆದರೆ ಡಾಕ್ಟರು ನೋಡೋ ಮೊದಲೇ ಡ್ರಾಪ್ಸ್ ಅನ್ನೋದನ್ನ ನಿಯಮ ಬರೆಯದೆ ಶುರು ಮಾಡಬೇಡಿ. ಕೋನ (ಕಣ್ಣೊಳಗಿನ ನೀರು ಹೊರಹೋಗೋ ಜಾಗ) ಕಿರಿದಾಗಿರೋ ಕಣ್ಣಿಗೆ ಹನಿ ಹಾಕಿದರೆ ಒತ್ತಡ ಏರಿ, ರಾತ್ರಿ ತಲೆನೋವು, ವಾಂತಿ, ಕೆಂಗಣ್ಣು ಅಂತ ಬರಬಹುದು.

ಪ್ರತಿಯೊಬ್ಬರಿಗೂ ಕಿವಿ ಕಡೆಯಿಂದ ಟಾರ್ಚ್ ಅಡ್ಡ ಹಿಡಿದು ನೋಡಿ. ಮೂಗಿನ ಕಡೆಯ ಐರಿಸ್ (ಪಾಪೆ ಸುತ್ತಿನ ಬಣ್ಣದ ಭಾಗ) ಪೂರ್ತಿ ಬೆಳಗಿದರೆ ಕೋನ ಅಗಲ ಇದೆ. ಆ ಭಾಗ ನೆರಳಲ್ಲಿದ್ದರೆ ಹನಿ ನಿಲ್ಲಿಸಿ, ಫೈಲಿಗೆ ಕೆಂಪು ಚೀಟಿ ಹಚ್ಚಿ ಡಾಕ್ಟರಿಗೆ ಕೊಡಿ. ಕೆಂಪು ಚೀಟಿ ಬೀಳಬೇಕಾದ ಬೇರೆಯವರು: ಕಣ್ಣು ನೋವಿನ ಜೊತೆ ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ ಅನ್ನೋರು, ಮೊದಲು ಹನಿ ಹಾಕಿದಾಗ ತೊಂದರೆ ಆದವರು, ಐರಿಸ್‌ಗೆ ಸಿಕ್ಕಿಸಿರೋ ಲೆನ್ಸ್ ಇರೋರು, ತಲೆಗೆ ಪೆಟ್ಟು ಬಿದ್ದವರು, ಗರ್ಭಿಣಿಯರು, ಕೂಸುಗಳು. ತಲೆಗೆ ಪೆಟ್ಟು ಬಿದ್ದವರ ಪಾಪೆಯನ್ನ ನರದ ಡಾಕ್ಟರು ಮತ್ತೆ ಮತ್ತೆ ನೋಡ್ತಿರ್ತಾರೆ, ನಾವು ಅಗಲ ಮಾಡಿಟ್ಟರೆ ಅವರಿಗೆ ಕುರುಹೇ ಹೋಗುತ್ತೆ.

ಬಿಪಿ ನೋಡದೆ ಫಿನೈಲೆಫ್ರಿನ್ ಬೇಡ. ಬಿಪಿ ಹಿಡಿತದಲ್ಲಿಲ್ಲದವರಿಗೆ, ಹೃದಯದ ಕಾಯಿಲೆಯವರಿಗೆ ಬರೀ ಟ್ರೋಪಿಕಮೈಡ್ 1%. ಎಷ್ಟು ಬಿಪಿ ಮೀರಿದರೆ ಅನ್ನೋ ಗೆರೆಯನ್ನ ನಿಮ್ಮ ಡಾಕ್ಟರೇ ಬರೆದು ಬೆಂಚಿನ ಮೇಲೆ ಅಂಟಿಸಲಿ.

ಸಕ್ಕರೆ ಕಾಯಿಲೆಯವರ ಬಗ್ಗೆ ಇನ್ನೊಂದು ಮಾತು. ರಕ್ತ ಪರೀಕ್ಷೆ ಥರ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದ್ಕೊಂಡು ಎಷ್ಟೋ ಜನ ಮಾತ್ರೆ ನುಂಗಿ, ತಿಂಡಿ ತಿನ್ನದೆ ಬಂದಿರ್ತಾರೆ. ಹನ್ನೊಂದಕ್ಕೆ ಬೆವರಿ, ಕೈ ನಡುಗಿ, ಬೆಂಚಿನ ಮೇಲೇ ಒರಗಿಬಿಡ್ತಾರೆ. ಫೋನಲ್ಲೇ ಹೇಳಿ: "ತಿಂಡಿ ತಿಂದು, ಮಾತ್ರೆ ತಗೊಂಡೇ ಬನ್ನಿ". ಕೌಂಟರಲ್ಲಿ ಸಕ್ಕರೆ, ಬಿಸ್ಕತ್ ಇಟ್ಟಿರಿ.

ಕೌಂಟರ್_1

ಜಗಳ ಆಗೋ ಜಾಗ ನಮ್ಮದು. "ನಮ್ಮದು 22, ಆವಯ್ಯಂದು 31, ಹೆಂಗೆ ಒಳಗೋದ್ರು?" ಈ ಪ್ರಶ್ನೆಗೆ ಒಂದೇ ಸಾಲಿನ ನಂಬರ್ ಇಟ್ಕೊಂಡು ಉತ್ತರ ಕೊಡೋಕಾಗಲ್ಲ. ಯಾಕಂದ್ರೆ 22ನೇಯವರು ಡ್ರಾಪ್ಸ್‌ನಲ್ಲಿದ್ದಾರೆ, 31ನೇಯವರದ್ದು ಬರೀ ಕೆಂಗಣ್ಣು. ವಿಷನ್ ಮೇಜಿನಲ್ಲಿ ದಾರಿ ಗೊತ್ತಾದ ತಕ್ಷಣ ಅಕ್ಷರ ಕೊಡಿ. ಡ್ರಾಪ್ಸ್‌ನವರು 'ಅ' ಸಾಲು ನೀಲಿ ಫೈಲು, ಡ್ರಾಪ್ಸ್ ಬೇಡದವರು 'ಬ' ಸಾಲು ಬಿಳಿ ಫೈಲು. ಡಾಕ್ಟರ ಬಾಗಿಲಲ್ಲಿ ಎರಡು 'ಅ' ಆದ ಮೇಲೆ ಒಂದು 'ಬ' ಅಂತ ಕರೀರಿ. 45ಕ್ಕೆ 35 ಇದ್ದರೂ ಎರಡಕ್ಕೊಂದೇ ಸರಿ, ಯಾಕಂದ್ರೆ 'ಅ'ದವರು ಆಗಲೇ ಮುಕ್ಕಾಲು ಗಂಟೆ ಕೂತಿರ್ತಾರೆ. ನೀಲಿ ಖಾಲಿ ಆದಾಗ ಬಿಳಿ ಸರಾಗ ಹೋಗುತ್ತೆ. ಈ ಲೆಕ್ಕವನ್ನ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಕಾರಣ ಗೊತ್ತಿದ್ದರೆ ಜನ ಕಾಯ್ತಾರೆ.

ಇನ್ನು 8.30ರ ಗುಂಪು. ನಿಮಿಷಕ್ಕೆ ನಿಮಿಷ ಅಪಾಯಿಂಟ್‌ಮೆಂಟ್ ಹಳ್ಳಿಯಿಂದ ಬರೋರಿಗೆ ಆಗಲ್ಲ, ಬಸ್ಸು ನಮ್ಮ ಮಾತು ಕೇಳಲ್ಲ. ಗಂಟೆ ಲೆಕ್ಕದ ಟೋಕನ್ ಕೊಡಿ: 9ರಿಂದ 10ಕ್ಕೆ 16 ಜನ, ಅದರಲ್ಲಿ 10 ಫೋನಲ್ಲಿ ಹೇಳಿಟ್ಟವರಿಗೆ, 6 ನೇರ ಬಂದವರಿಗೆ. ಡ್ರಾಪ್ಸ್ ಬೀಳೋ ಹಳೆಯವರನ್ನ, ಅಂದ್ರೆ ಸಕ್ಕರೆ, ಪೊರೆಯವರನ್ನ, ಮೊದಲ ಎರಡು ಗಂಟೆಗೆ. ಕನ್ನಡಕಕ್ಕೆ ಮಾತ್ರ ಬರೋ ಊರಿನವರನ್ನ 11ರ ಮೇಲೆ. ಹೋಗುವಾಗಲೇ ಮುಂದಿನ ತಾರೀಖಿನ ಜೊತೆ ಗಂಟೆಯನ್ನೂ ಚೀಟಿಯಲ್ಲಿ ಬರೆದು ಕೊಡಿ. ದೂರದ ಊರಿನವರಿಗೆ ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿ ಫೈಲ್ ಮೇಲೆ ಗುರುತು ಹಾಕಿ.

ಅಮಾವಾಸ್ಯೆ ದಿನ ಪೊರೆ ಆಪರೇಶನ್‌ಗೆ ಬರೋರು ಕಮ್ಮಿ, ಆವತ್ತು ಫಾಲೋಅಪ್‌ನವರನ್ನ ಹೆಚ್ಚು ಕರೆಸಬಹುದು. ದಸರಾ ವಾರದಲ್ಲಿ ರಸ್ತೆ ಕಟ್ಟಿರೋದರಿಂದ ಎಲ್ಲರೂ ತಡವಾಗಿ ಬರ್ತಾರೆ, ಆ ವಾರ ಟೋಕನ್ ಕಮ್ಮಿ ಇಡಿ.

ಸರ್ಕಾರಿ ಆರೋಗ್ಯ ಯೋಜನೆ ಕಾರ್ಡಿನ ಕಾಗದ ಪತ್ರ ಬೇರೆ ಮೇಜಿಗೆ ಕಳಿಸಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಲ್ಲಿ ಒಂದು ಹೆಸರು ಇದ್ದರೆ ಹದಿನೈದು ನಿಮಿಷ ಹಿಡಿಯುತ್ತೆ, ಅಷ್ಟರಲ್ಲಿ ಹಿಂದೆ ಇಪ್ಪತ್ತು ಜನ ನಿಂತಿರ್ತಾರೆ.

ಮೈಸೂರು_ಓಪಿಡಿ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಪ್ರಶ್ನೆ. ತುರ್ತು ಅಂತ ಬಂದವರನ್ನ ಸಾಲಿನ ಮಧ್ಯೆ ಹೇಗೆ ತೂರಿಸೋದು? ಡ್ರಾಪ್ಸ್ ಹಾಕಬೇಕಾದ ಶಾಲೆ ಮಕ್ಕಳು ಎಲ್ಲಿ ಸೇರ್ತಾರೆ?

ರೆಟಿನಾ_ಮೈಸೂರು

ತುರ್ತಿನವರನ್ನ ಗುರುತಿಸೋದು ಬಾಗಿಲಲ್ಲಿರೋ ಮೊದಲ ಮನುಷ್ಯ, ಅವರು ಸೆಕ್ಯುರಿಟಿಯೇ ಆಗಿರಲಿ. ಕಲಿಸಿಕೊಡಿ.

ಸುಣ್ಣ, ಆಸಿಡ್, ಫಿನಾಯಿಲ್ ಕಣ್ಣಿಗೆ ಬಿದ್ದಿದ್ದರೆ ಟೋಕನ್ ಇಲ್ಲ, ಹೆಸರು ಬರೆಯೋದೂ ಇಲ್ಲ. ನೇರ ಸಿಂಕಿಗೆ ಕರ್ಕೊಂಡು ಹೋಗಿ ತೊಳೆಯೋಕೆ ಶುರು ಮಾಡಿ. ರಿಂಗರ್ ಲ್ಯಾಕ್ಟೇಟ್ ಅಥವಾ ಸಲೈನ್ ಬಾಟಲಿಗೆ ಡ್ರಿಪ್ ಸೆಟ್ ಹಾಕಿ ಕನಿಷ್ಠ ಅರ್ಧ ಗಂಟೆ. ಅದು ಕೈಗೆ ಸಿಗೋವರೆಗೆ ನಲ್ಲಿ ನೀರೇ ಸರಿ. ಸುಣ್ಣ ಆದರೆ ಮೇಲ್ರೆಪ್ಪೆ ಮಗುಚಿ, ಅಂಟಿರೋ ಚೂರುಗಳನ್ನ ಒದ್ದೆ ಬಡ್ಸ್‌ನಲ್ಲಿ ತೆಗೀರಿ. ಒಂದು ಚೂರು ಉಳಿದರೂ ಸುಡ್ತಾನೇ ಇರುತ್ತೆ. ತೊಳೆದು ನಿಲ್ಲಿಸಿ ಐದು ನಿಮಿಷದ ಮೇಲೆ ಪಿಎಚ್ ಪಟ್ಟಿ (ಆಮ್ಲ, ಕ್ಷಾರ ತೋರಿಸೋದು) 7 ಆಸುಪಾಸು ತೋರಿಸಬೇಕು, ಇಲ್ಲದಿದ್ದರೆ ಮತ್ತೆ ತೊಳೀರಿ.

ನೇರ ಡಾಕ್ಟರ ಹತ್ರ ಹೋಗಬೇಕಾದವರು: ದಿಢೀರ್ ದೃಷ್ಟಿ ಹೋದವರು, ಮಿಂಚು ಹೊಡೆದು ಪರದೆ ಇಳಿದಂಗೆ ಆದವರು, ಆಪರೇಶನ್ ಆಗಿ ಕೆಲವೇ ದಿನಕ್ಕೆ ನೋವು ಬಂದು ಮಸುಕಾದವರು, ಚೂಪಾದ್ದು ಚುಚ್ಚಿದವರು. ಚುಚ್ಚಿದ ಕಣ್ಣನ್ನ ಒತ್ತಬೇಡಿ, ಒತ್ತಡ ನೋಡಬೇಡಿ, ಮೇಲೊಂದು ಶೀಲ್ಡ್ ಇಟ್ಟು ಕಳಿಸಿ.

ಮಂಡ್ಯ ಕಡೆ ಕಬ್ಬು ಕಡಿಯೋ ಕಾಲದಲ್ಲಿ ಸೋಗೆ ತಾಗಿದ ಕಣ್ಣು, ಭತ್ತದ ಹೊಟ್ಟು ಬಿದ್ದ ಕಣ್ಣು ಬರ್ತವೆ. ಮೊದಲ ದಿನ ಬರೀ ಕೆಂಗಣ್ಣಿನ ಥರ ಕಾಣುತ್ತೆ. ಬೆಳೆಯಿಂದ ಆದ ಗಾಯಕ್ಕೆ ಫಂಗಸ್ ಹತ್ತೋದು ಹೆಚ್ಚು, ಅದರ ಮೇಲೆ ಅಂಗಡಿಯ ಸ್ಟೀರಾಯ್ಡ್ ಡ್ರಾಪ್ಸ್ ಬಿದ್ದರೆ ಕಣ್ಣೇ ಹೋಗಬಹುದು. "ಏನಾದ್ರೂ ತಾಗಿತ್ತಾ? ಯಾವ ಡ್ರಾಪ್ಸ್ ಬಿಟ್ಟಿದ್ದೀರ?" ಈ ಎರಡು ಪ್ರಶ್ನೆ ಪ್ರತಿ ಕೆಂಗಣ್ಣಿಗೂ ಕೇಳಲೇಬೇಕು.

ಅಂಟೋ ಕೆಂಗಣ್ಣಿನವರಿಗೆ ಬೇರೆ ಬೆಂಚು. ನೋಡಿದ ಮೇಲೆ ಸ್ಲಿಟ್ ಲ್ಯಾಂಪಿನ (ಕಣ್ಣು ನೋಡೋ ಮೈಕ್ರೋಸ್ಕೋಪಿನ) ಗದ್ದದ ಪಟ್ಟಿ, ಕೈ ಹಿಡಿ ಸ್ಪಿರಿಟ್‌ನಲ್ಲಿ ಒರೆಸಿ.

ಲೆಕ್ಕದ_ಮೇಷ್ಟ್ರು

ತುರ್ತಿಗೆ ಜಾಗ ಬೇಕು ಅಂದ್ರೆ ಡಾಕ್ಟರ ಹೊತ್ತನ್ನ ಪೂರ್ತಿ ತುಂಬಿಸಬೇಡಿ. ಮೇಲೆ 228 ಅಂದೆನಲ್ಲ, ಅದು 240ಕ್ಕೆ ತೀರಾ ಹತ್ತಿರ. ನಾಲ್ಕು ನಿಮಿಷ ಹಿಡಿಯಬೇಕಾದ್ದು ಹನ್ನೆರಡು ಹಿಡಿದರೆ ಅದರ ಹಿಂದಿನವರೆಲ್ಲ ಜಾರ್ತಾರೆ, ಮತ್ತೆ ಸರಿಹೋಗೋಕೆ ಖಾಲಿ ನಿಮಿಷವೇ ಇರಲ್ಲ. ಗಂಟೆಗೆ ಎಂಟು ಹತ್ತು ನಿಮಿಷ ಬಿಟ್ಟಿಡಿ. ಅಷ್ಟು ಸಿಗಬೇಕಾದರೆ ದಿನಕ್ಕೆ ಹತ್ತು ಜನರನ್ನ ಸಂಜೆಗೆ ಹಾಕಬೇಕು, ಬೇರೆ ದಾರಿ ಇಲ್ಲ.

ಬದಲಾವಣೆಗೆ ಮೊದಲು ಮೂರು ದಿನ ಅಳೆದಿಡಿ: ಒಂದು ಸೋಮವಾರ, ಒಂದು ಬುಧವಾರ, ಒಂದು ಶನಿವಾರ. ಫೈಲಿಗೆ ಪಿನ್ ಮಾಡಿದ ಚೀಟಿಯಲ್ಲಿ ಪ್ರತಿ ಮೇಜಿನವರೂ ಬಂದ ಹೊತ್ತು, ಬಿಟ್ಟ ಹೊತ್ತು ಬರೀಲಿ. ಅದಕ್ಕೂ ಮೊದಲು ಎಲ್ಲ ಗೋಡೆ ಗಡಿಯಾರಗಳನ್ನ ಒಂದೇ ಹೊತ್ತಿಗೆ ಕೂಡಿಸಿ. ಗಡಿಯಾರಗಳ ನಡುವೆ ಏಳು ನಿಮಿಷ ವ್ಯತ್ಯಾಸ ಇದ್ದರೆ ನಿಮ್ಮ ಅಳತೆಯೆಲ್ಲ ಸುಳ್ಳು. ಸರಾಸರಿಗಿಂತ, ಅತಿ ಹೆಚ್ಚು ಕಾದ ಹತ್ತು ಚೀಟಿಗಳನ್ನ ಎತ್ತಿ ಓದಿ. ಎಲ್ಲಿ ಕೂತಿದ್ದರು ಅಂತ ಅವೇ ತೋರಿಸ್ತವೆ.

ರಿಫ್ರ್ಯಾಕ್ಷನ್_ಮಂಡ್ಯ

ಮಕ್ಕಳನ್ನ ಈ ಎರಡೂ ಸಾಲಿಗೆ ಸೇರಿಸಬೇಡಿ. ಅವರಿಗೆ ಬೇಕಿರೋದು ಕಣ್ಣಿನ ಹೊಂದಾಣಿಕೆಯನ್ನೇ ಸಡಿಲಿಸೋ ಹನಿ. ಸೈಕ್ಲೊಪೆಂಟೊಲೇಟ್ 1% ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಹಾಕಿದರೂ ರೆಟಿನೋಸ್ಕೋಪಿಗೆ (ಬೆಳಕು ಬಿಟ್ಟು ನಂಬರ್ ನೋಡೋದಕ್ಕೆ) ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಹೋಮಟ್ರೋಪಿನ್ ಆದರೆ ಇನ್ನೂ ಹೆಚ್ಚು. ತೀರಾ ಚಿಕ್ಕವರಿಗೆ ಡಾಕ್ಟರು ಅಟ್ರೋಪಿನ್ ಮುಲಾಮು ಬರೆದರೆ ಮೂರು ದಿನ ಮನೆಯಲ್ಲೇ ಹಚ್ಚಿ ಬರೋದು, ಆವತ್ತು ಬೆಂಚಿನ ಮೇಲೆ ಕೂರೋ ಕೆಲಸವೇ ಇಲ್ಲ. ಮುಖ ಕೆಂಪಾಗಿ ಜ್ವರ ಬಂದರೆ ಹಚ್ಚೋದು ನಿಲ್ಲಿಸಿ ಫೋನ್ ಮಾಡಿ ಅಂತ ತಾಯಿಗೆ ಬರೆದು ಕೊಡಿ. ಪರೀಕ್ಷೆ ಇರೋ ವಾರ ಕರೆಸಬೇಡಿ, ಓದೋಕಾಗದೆ ಮಗು ಒದ್ದಾಡುತ್ತೆ. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಗೇ ಎರಡು ಗಂಟೆ ಇಟ್ಟರೆ ವಾರದ ಬೆಳಗಿನ ಸಾಲು ಹಗುರ ಆಗುತ್ತೆ.

ಡ್ರಾಪ್ಸ್_ಬೆಂಚ್

ನೀವು ಯಾವುದರಿಂದ ಶುರು ಮಾಡಿದರೂ ಸರಿ ಸರ್, ಸೋಮವಾರ ಮಾತ್ರ ಶುರು ಮಾಡಬೇಡಿ, ಆವತ್ತು ಜನ ಹೆಚ್ಚು. ಬುಧವಾರ ಮಾಡಿ. ಮೊದಲ ವಾರ ವಿಷನ್ ಮೇಜು, ಟಾರ್ಚ್ ಪರೀಕ್ಷೆ, ಬಟ್ಟೆ ಕ್ಲಿಪ್, ಇಷ್ಟೇ ಸಾಕು. ಅಕ್ಷರದ ಸಾಲು ಎರಡನೇ ವಾರ. ಬೆಂಚಿನ ಹತ್ರ ಬಿಸಿಲು ನೇರ ಬೀಳೋ ಕಿಟಕಿ ಇದ್ದರೆ ಪರದೆ ಹಾಕಿಸಿ, ಪಾಪೆ ಅಗಲ ಆದವರಿಗೆ ಆ ಬೆಳಕು ಚುಚ್ಚುತ್ತೆ. ಬಾಟಲಿ ತೆರೆದ ತಾರೀಖನ್ನ ಪ್ಲಾಸ್ಟರ್ ಮೇಲೆ ಬರೆದು ಅಂಟಿಸಿ, ಒಂದು ತಿಂಗಳಾದ ಮೇಲೆ ಉಳಿದಿದ್ದರೂ ಬಿಸಾಕಿ. ಮೂತಿ ಯಾರ ರೆಪ್ಪೆಗಾದ್ರೂ ತಾಗಿದರೆ ಆ ಬಾಟಲಿ ಅವತ್ತೇ ಆಚೆಗೆ.